ಎಷ್ಟಾತು?

ಸರ್ವೆ ಆಫೀಸಿನ ವಿಜಯಕುಮಾರ ಸಾರು
ಹಟ್ಟಿ ಕ್ಯಾಂಪು ಬಿಟ್ಟು ಹೊಂಟಾಗ
ಫ್ರಿಜ್ಜು, ಕೂಲರು, ಕುರ್ಚಿ ಎಲ್ಲಾ ಮಾರಿ
ಉಳಿದದ್ದು ಇದೊಂದು ಬಿಳೇ ಪೆಟ್ಟಿಗಿ.
ಒಂಬತ್ತು ಕಂತು ಅಂದೆ, ಹೂಂ ಅಂದ್ರು.
ದವಾಖಾನಿ ಲ್ಯಾಬಿನಾಗ
ಕಫದ ಡಬ್ಬಿಗೆ ಹೆಸರಿನ ಚೀಟಿ ಅಂಟಿಸೋಳು ನಾ,
ನಿನಗ್ಯಾಕವ್ವ ಇದು ಅಂತ ಕೇಳಲಿಲ್ಲ, ಪುಣ್ಯ.

ಡಿಸ್ಕು ನುಂಗೋ ಬಾಯಿಲ್ಲ ಇದಕ್ಕ.
ತಿನ್ನೂದೆಲ್ಲಾ ಗಾಳಿಯಾಗ ಬರಬೇಕು.
ಮೊದಲ ದಿನ ಟಿವಿ ಪರದೆ ಮ್ಯಾಲ
ಆಟದ ಹೆಸರಿನ ಕೆಳಗ: ಎಂಬತ್ನಾಲ್ಕು ಜಿಬಿ.
ನನ್ನ ಫೋನಿಗೆ ದಿನಕ್ಕ ಒಂದೂವರಿ.
ಕ್ಯಾಲೆಂಡರಿನ ಬೆನ್ನಿಗೆ ಭಾಗಾಕಾರ ಹಾಕಿದೆ.
ಐವತ್ತಾರು ದಿನ,
ಅದೂ ನಾನೊಂದು ವಿಡಿಯೋ ನೋಡದಿದ್ರ,
ಅವ್ವ ಬೀಗರ ಮುಖ ನೋಡ್ಕೋತ ಮಾತಾಡದಿದ್ರ.

ಅಪ್ಪ ಶಿಫ್ಟು ಮುಗಿಸಿ ಬಂದ,
ಬೂಟಿನ ಕೆಸರು ಮೆಟ್ಟಲಿಗೆ ಬಡಿದ.
'ಇದ್ಯಾಕ ಸುಮ್ಮನ ಕುಂತೈತಿ?'
ಹೇಳಿದೆ. ಬೈತಾನ ಅಂದ್ಕೊಂಡಿದ್ದೆ.
ಬೆರಳು ಮಡಚಿ ಲೆಕ್ಕ ಹಾಕಿದ.
'ಟನ್ನು ಕಲ್ಲು ಮ್ಯಾಲ ತಂದ್ರ
ನಮಗ ಎರಡೋ ಮೂರೋ ಗ್ರಾಂ.
ನಿಂದು ಪರವಾಗಿಲ್ಲ ಬಿಡು.'

ಅವತ್ತಿನಿಂದ ಒಳಗ ಬರೂಮುಂದ ಒಂದೇ ಮಾತು:
'ಎಷ್ಟಾತು?'
'ಹನ್ನೊಂದು.' 'ಹೂಂ.'
'ಹನ್ನೆರಡೂವರಿ.' 'ಹೂಂ.'
ಪಂಜರದಾಗ ಇಳಿಯೋರು
ಲೆವೆಲ್ ಎಣಿಸಿದಂಗ.

ಸುದ್ದಿ ಹೆಂಗ ಹರಡಿತೋ, ನಳದ ಹತ್ರ ಇರಬೇಕು.
ಒಂದು ರಾತ್ರಿ ಹನ್ನೊಂದೂವರಿಗೆ ಖೈರೂನ್‌ಬಿ ಚಾಚಿ
ಕಿಟಕಿ ಸರಳಿನಾಗಿಂದ ಫೋನು ನೂಕಿದಳು.
'ಇವತ್ತಿಂದು ಆರುನೂರು ಉಳದೈತಿ,
ಹನ್ನೆರಡಕ್ಕ ಹಾಳಾಗಿ ಹೋಗ್ತೈತಿ, ತಗೋ ಬೇಟಿ.'
ಹೆಪ್ಪಿಗೆ ಮಜ್ಜಿಗಿ ಕೊಟ್ಟಂಗ.
ಮರುದಿನ ಮೂಲಿಮನಿ ಹುಲಿಗೆಮ್ಮನದು ಮುನ್ನೂರು.
ಪಂಪಿನ ಆರೋಗ್ಯಂ ಅಂಕಲ್ ಇಡೀ ಹಾಟ್‌ಸ್ಪಾಟೇ ಕೊಟ್ರು;
ಪಾಸ್‌ವರ್ಡು, ಸತ್ತುಹೋದ ಅವರ ನಾಯಿ ಹೆಸರು.
ಹೇಳೂಮುಂದ ಆ ಕಡಿ ನೋಡಿದ್ರು.

ಏನು ಆಟ ಅಂತ ಯಾರೂ ಕೇಳಲಿಲ್ಲ.
ಕೆಳಗ ಬ್ಲಾಸ್ಟಿಂಗ್ ಆದಾಗ ಪಾತ್ರಿ ಗಲ್ ಅಂತಾವು,
ಒಮ್ಮೊಮ್ಮೆ ಕರೆಂಟು ಹೋಗ್ತೈತಿ,
ಅರ್ಧಕ್ಕ ನಿಂತದ್ದು ಅಲ್ಲೇ ನಿಂತಿರ್ತೈತಿ.
ಸದ್ಯ, ಹಿಂದಕ್ಕ ಇಳಿಯಂಗಿಲ್ಲ. ಅಷ್ಟ ದೊಡ್ಡದು.

ಮೂವತ್ತಾರನೇ ರಾತ್ರಿ ತುಂಬಿತು.
ಗುಂಡಿ ಒತ್ತಿದೆ. ಪರದೆ ಮೆಲ್ಲಕ ಬೆಳ್ಳಗಾಗಿ
ಶುದ್ಧ ಮರ್ಯಾದಿಲೇ ತಿಳಿಸಿತು:
ಹೊಸ ಅಪ್‌ಡೇಟ್ ಬಂದಿದೆ. ಹತ್ತೊಂಬತ್ತು ಜಿಬಿ.

ಅಪ್ಪ ನೈಟ್ ಶಿಫ್ಟಿಗೆ ಹೊಂಟಿದ್ದ, ಕೈಯಾಗ ಬುತ್ತಿ.
'ಇದ್ದಷ್ಟರಾಗ ಆಡಾಕ ಬರಂಗಿಲ್ಲೇನು?'
ಬರ್ತೈತಿ. ನೆಟ್ಟು ಕಿತ್ತಿಟ್ರ ಬರ್ತೈತಿ.
ಬ್ಯಾರೆ ಬ್ಯಾರೆ ದೇಶದ ಆಟಗಾರರು ಇರಂಗಿಲ್ಲ, ಅಷ್ಟ.
'ಇರದಿದ್ರ ಬಿಡು.'
ಬುತ್ತಿ ಕೆಳಗಿಟ್ಟು ಕಂಟ್ರೋಲರು ಹಿಡಿದ.
ಇಪ್ಪತ್ತೆರಡು ವರ್ಷ ಡ್ರಿಲ್ಲು ಹಿಡಿದು
ತಾವಾಗೇ ನಡಗೋ ಬೆರಳು.
ಕಾರು ಸುರುವಾತು, ಕಂಟ್ರೋಲರೂ ನಡಗಿತು.
ಬೆಚ್ಚಿ ನನ್ನ ಮುಖ ನೋಡಿದ,
ಆಮ್ಯಾಲ ತನ್ನ ಕೈ ನೋಡಿಕೊಂಡ.

ಯಾವುದೋ ಸಮುದ್ರದ ದಂಡಿ, ಖಾಲಿ ರಸ್ತೆ.
'ಜೋರಾಗಿ ಒತ್ತಪಾ, ಇದು ರೇಸು.'
'ಯಾರ ಕೂಡ?'
ಅಂದವನೇ ಕಾರು ಹುಲ್ಲಿಗೆ ಇಳಿಸಿ ನಿಲ್ಲಿಸಿದ.
ಮ್ಯಾಲಕ್ಕ ನೋಡೂದು ಹೆಂಗ ಅಂತ ಕೇಳಿದ. ತೋರಿಸಿದೆ.
ಅಲ್ಲಿ ಹಗಲಿತ್ತು. ಮೋಡ ಸರಿಯಾಕ ಹತ್ತಿದ್ದವು.

ಸೈರನ್ ಆತು.
'ಕಾರು ಹಂಗೇ ಇರಲಿ, ಬಂದ್ ಮಾಡಬ್ಯಾಡ.'
ಬುತ್ತಿ ಎತ್ತಿಕೊಂಡು, ಬಾಗಲದಾಗ ತಿರುಗಿ,
'ಆ ಹತ್ತೊಂಬತ್ತರಾಗ ಏನು ಬರ್ತೈತಿ?'
'ಗೊತ್ತಿಲ್ಲಪ್ಪ. ಬರೆದಿಲ್ಲ.'
'ಹೂಂ.'

ಹನ್ನೆರಡಕ್ಕ ಇಪ್ಪತ್ತು ನಿಮಿಷ ಐತಿ.
ಕಿಟಕಿ ಸರಳಿಗೆ
ಚಾಚಿಯ ಬಳಿ ಸಪ್ಪಳ.